ಝಾತಾರಿಯಲ್ಲಿ ಹುಟ್ಟಿದ ಮಕ್ಕಳಿಗೆ ಕಂಬಳಿ ಮಾತ್ರ ಸಾಕೇ?

ನಿರಾಶ್ರಿತರು ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಎರಡೇ ಚಿತ್ರ. ಒಂದು, ಮರುಭೂಮಿಯಲ್ಲಿ ಸಾಲು ಸಾಲು ಡೇರೆ. ಇನ್ನೊಂದು, ದೋಣಿ ಹತ್ತಿ ಯುರೋಪಿಗೆ ಹೊರಟ ಯುವಕರು. ಮೊಬೈಲಿಗೆ ಇಂಥದ್ದು ಬಂದ ವಾರ ನಾವು ಮರುಗುತ್ತೇವೆ, ದುಆ ಮಾಡುತ್ತೇವೆ, ಕೈಲಾದ್ದು ಕೊಡುತ್ತೇವೆ. ಮುಂದಿನ ವಾರ ಬೇರೆ ಸುದ್ದಿ. ಇದು ತಪ್ಪು ಅಂತ ಹೇಳುತ್ತಿಲ್ಲ. ಆದರೆ ಆ ಎರಡು ಚಿತ್ರ ನೋಡಿ ಅವರ ಬದುಕು ಅರ್ಥವಾಗುವುದಿಲ್ಲ. ಏನು ಕೊಡಬೇಕು ಅನ್ನುವುದೂ ಗೊತ್ತಾಗುವುದಿಲ್ಲ.

ಜೋರ್ಡನ್‌ನ ಝಾತಾರಿ ಶಿಬಿರವನ್ನೇ ನೋಡಿ. ಸಿರಿಯಾದ ಯುದ್ಧಕ್ಕೆ ಹೆದರಿ ಗಡಿ ದಾಟಿದವರಿಗಾಗಿ 2012ರ ಜುಲೈ ಕೊನೆಯಲ್ಲಿ ತೆರೆದದ್ದು. ಬಂದವರಲ್ಲಿ ಹೆಚ್ಚಿನವರು ಗಡಿಯಾಚೆಯ ದರ್‌ಆ ಕಡೆಯವರು. ವರ್ಷ ತುಂಬುವ ಮೊದಲೇ ಲಕ್ಷ ಜನ ಆದರು. ಆಮೇಲೆ ಸುಮಾರು 80,000ಕ್ಕೆ ಬಂದು ನಿಂತಿತು. ಅಷ್ಟೂ ಜನ ಇದ್ದದ್ದು ಐದು ಚದರ ಕಿ.ಮೀ.ಗಿಂತ ಸ್ವಲ್ಪ ಹೆಚ್ಚಿನ ಜಾಗದಲ್ಲಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು. ಶಿಬಿರದೊಳಗೇ ಹುಟ್ಟಿದವರು 20,000ಕ್ಕೂ ಹೆಚ್ಚು. 2012ರಲ್ಲಿ ಅಲ್ಲಿ ಹುಟ್ಟಿದ ಮಗು ಈಗ ಹೈಸ್ಕೂಲಿಗೆ ಹೋಗುವ ಪ್ರಾಯ. ಅಪ್ಪ-ಅಮ್ಮನ ಊರನ್ನು ಅದು ಕಥೆಯಲ್ಲಿ ಮಾತ್ರ ಕೇಳಿದೆ.

ಡೇರೆಗಳೂ ಈಗ ಇಲ್ಲ. ಅವುಗಳ ಬದಲು ಕ್ಯಾರವಾನ್ ಅನ್ನುವ ತಗಡಿನ ಕೋಣೆಗಳು ಬಂದವು. ಬೇಸಿಗೆಯಲ್ಲಿ ಒಲೆ, ಚಳಿಗಾಲದಲ್ಲಿ ಐಸ್. ಆರೆಂಟು ವರ್ಷಕ್ಕೆಂದು ಮಾಡಿದವು, ಹೆಚ್ಚಿನವುಗಳ ಅವಧಿ ಯಾವತ್ತೋ ಮುಗಿದಿದೆ. ಗಟ್ಟಿ ಮನೆ ಕಟ್ಟಲಿಕ್ಕೆ ಬಿಡುವುದಿಲ್ಲ, ಯಾಕೆಂದರೆ ಲೆಕ್ಕದಲ್ಲಿ ಇದು ತಾತ್ಕಾಲಿಕ ಊರು. ಆದರೂ ಜನ ಸುಮ್ಮನೆ ಕೂತಿಲ್ಲ. ಶಿಬಿರದ ಮುಖ್ಯ ಬೀದಿಯಲ್ಲಿ ಕ್ಷೌರದಂಗಡಿ, ಫಲಾಫಿಲ್ ಅಂಗಡಿ, ಮದುಮಗಳ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ ಎಲ್ಲ ಎದ್ದವು. ಪ್ಯಾರಿಸ್‌ನ ಶಾಂಜೆಲಿಝೆ ಬೀದಿಯ ಹೆಸರಿಗೆ ತಮ್ಮ 'ಶಾಮ್' ಸೇರಿಸಿ ಆ ಬೀದಿಯನ್ನು ತಮಾಷೆ ಮಾಡಿ ಕರೆಯುತ್ತಾರೆ. ವ್ಯಾಪಾರ ಗೊತ್ತಿರುವ ನಮಗೆ ಈ ಹಟ ಬೇಗ ಅರ್ಥವಾಗುತ್ತದೆ.

ಇದೂ ಚಿತ್ರದ ಒಂದು ತುಂಡು ಮಾತ್ರ. ಜೋರ್ಡನ್‌ಗೆ ಬಂದ ಸಿರಿಯನ್ನರಲ್ಲಿ ಶಿಬಿರದಲ್ಲಿ ಇದ್ದದ್ದು ಐದರಲ್ಲಿ ಒಂದು ಪಾಲು ಕೂಡ ಇಲ್ಲ. ಉಳಿದವರು ಅಮ್ಮಾನ್, ಇರ್ಬಿದ್, ಮಫ್ರಕ್‌ನಲ್ಲಿ ಬಾಡಿಗೆ ಕೋಣೆ ಹಿಡಿದವರು. ಅವರ ಮೊದಲ ಚಿಂತೆ ಬಾಡಿಗೆ, ಎರಡನೆಯದು ಕಾಗದಪತ್ರ. ದುಡಿಯಲು ಪರವಾನಗಿ ಬೇಕು. 2016ರ ನಂತರ ಅದು ಸಿಗತೊಡಗಿತು, ಆದರೆ ಹೊಲ, ಕಟ್ಟಡ, ಕಾರ್ಖಾನೆಯಂಥ ಕೆಲವೇ ಕೆಲಸಗಳಿಗೆ. ಡಾಕ್ಟರ್, ಇಂಜಿನಿಯರ್ ಕಲಿತವರಿಗೆ ಬಾಗಿಲು ಮುಚ್ಚಿಯೇ ಇತ್ತು.

ಗಂಡ ಸತ್ತ, ಕಾಣೆಯಾದ ಮನೆಗಳೂ ಬಹಳ. ಗಂಡಸು ಇಲ್ಲದ ಮನೆ ನಡೆಸುವುದು ಏನು ಅಂತ ಗಲ್ಫ್‌ನವರ ಮನೆಯ ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮಲ್ಲಿ ತಿಂಗಳಿಗೆ ದುಡ್ಡು ಬರ್ತದೆ, ರಾತ್ರಿ ಫೋನ್ ಬರ್ತದೆ. ಅಲ್ಲಿ ಎರಡೂ ಇಲ್ಲ. ಹಾಗಿರುವಾಗ ಮೊದಲು ಭಾರ ಅಂತ ಕಾಣುವುದು ಹೆಣ್ಣು ಮಕ್ಕಳು. ಜೋರ್ಡನ್‌ನಲ್ಲಿ ನೋಂದಣಿಯಾದ ಸಿರಿಯನ್ ಮದುವೆಗಳಲ್ಲಿ 18 ತುಂಬದ ಹುಡುಗಿಯರ ಪಾಲು 2011ರಲ್ಲಿ ಶೇ. 12 ಇತ್ತು, 2013ಕ್ಕೆ ಅದು ಶೇ. 25 ಆಯಿತು ಎಂದು ಯುನಿಸೆಫ್ ಹೇಳಿದೆ. ಎರಡೇ ವರ್ಷದಲ್ಲಿ ದುಪ್ಪಟ್ಟು! ಇದಕ್ಕೆ ಕಂಬಳಿಯಿಂದ ಪರಿಹಾರ ಇಲ್ಲ.

ನಮ್ಮ ತಕರಾರು ಇಷ್ಟೇ. ಕೊಡುವ ಕೈ ಮೊದಲ ವರ್ಷ ತುಂಬಿರುತ್ತದೆ, ಹತ್ತನೇ ವರ್ಷ ಖಾಲಿ. 2023ರ ಆಗಸ್ಟ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ಹಣವಿಲ್ಲದೆ ಝಾತಾರಿಯವರ ಊಟದ ನೆರವನ್ನು ತಲೆಗೆ ತಿಂಗಳಿಗೆ 23 ದಿನಾರ್‌ನಿಂದ 15ಕ್ಕೆ ಇಳಿಸಿತು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದರ ಮಾತು ಬಂತು? ಬಾಂಬು ಬಿದ್ದರೆ ವೀಡಿಯೊ ಬರ್ತದೆ, ರೇಶನ್ ಕಡಿಮೆಯಾದರೆ ಬರುವುದಿಲ್ಲ.

ಯುರೋಪಿನ ದೋಣಿ ಚಿತ್ರದ ಬಗ್ಗೆಯೂ ಒಂದು ಮಾತು. 2024ರ ಕೊನೆಗೆ ಜಗತ್ತಿನಲ್ಲಿ ಯುದ್ಧ, ಹಿಂಸೆಯಿಂದ ಮನೆ ಬಿಟ್ಟವರು 12 ಕೋಟಿಗೂ ಹೆಚ್ಚು. ಅವರಲ್ಲಿ ಹೆಚ್ಚಿನವರು ಸ್ವಂತ ದೇಶದ ಗಡಿಯೊಳಗೇ ಅಲೆಯುವವರು. ಗಡಿ ದಾಟಿದವರಲ್ಲೂ ಮೂರರಲ್ಲಿ ಎರಡು ಪಾಲು ಪಕ್ಕದ ದೇಶದಲ್ಲೇ ಉಳಿದವರು. ಭಾರ ಹೊತ್ತದ್ದು ನೀರಿಗೂ ಗತಿಯಿಲ್ಲದ ಜೋರ್ಡನ್‌ನಂಥ ದೇಶಗಳು.

2024ರ ಡಿಸೆಂಬರ್ 8ರಂದು ಅಸದ್ ಸರ್ಕಾರ ಬಿದ್ದ ಮೇಲೆ ಸಾವಿರಾರು ಕುಟುಂಬಗಳು ಊರಿಗೆ ಹೊರಟಿವೆ. ಹಾಗಾದರೆ ಕಥೆ ಮುಗಿಯಿತಲ್ಲ ಅಂತ ಕೇಳಬಹುದು. ಮನೆ ಕುಸಿದಿದೆ, ಶಾಲೆ ಹಾಳಾಗಿದೆ, ಕೆಲಸ ಇಲ್ಲ. ಮಕ್ಕಳ ಓದು ನಡುವೆ ನಿಲ್ಲಿಸಿ ಹೋಗುವುದೋ, ಇರುವುದೋ ಅನ್ನುವ ಪ್ರಶ್ನೆಯಲ್ಲೇ ಉಳಿದವರು ಇನ್ನೂ ತುಂಬಾ ಜನ.

ಗಲ್ಫ್‌ನಲ್ಲಿರುವ ನಮ್ಮವರಿಗೆ ಕೊಡುವ ದಾರಿ ಹತ್ತಿರ. ಪಕ್ಕದ ಮೇಜಿನ ಸಿರಿಯನ್ ಗೆಳೆಯನನ್ನೇ ಮನೆಯವರಿಗೆ ಏನು ಬೇಕು ಅಂತ ಕೇಳಬಹುದು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಝಕಾತ್‌ಗೆಂದೇ 2019ರಲ್ಲಿ ನಿಧಿಯೊಂದನ್ನು ತೆರೆದಿದೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಯಾರದೋ ಕ್ಯೂಆರ್ ಕೋಡ್‌ಗೆ ಹಾಕುವ ಬದಲು ಇಂಥದ್ದನ್ನು ವಿಚಾರಿಸಿ. ಕೊಡುವುದಿದ್ದರೆ ಒಬ್ಬ ಹುಡುಗಿಯ ಒಂದು ವರ್ಷದ ಶಾಲೆಯ ಲೆಕ್ಕ ಹಾಕಿ ಕೊಡಿ. ಮುಂದಿನ ವರ್ಷವೂ ಕೊಡಿ, ಸುದ್ದಿಯಲ್ಲಿ ಇರಲಿ ಇಲ್ಲದಿರಲಿ.