'ಬಾಹ್ಯತೆ': ಯಾವುದರ ಹೊರಗೆ?

ಅರ್ಥಶಾಸ್ತ್ರದ 'ಎಕ್ಸ್‌ಟರ್ನ್ಯಾಲಿಟಿ' ಎಂಬ ಪಾರಿಭಾಷಿಕ ಪದಕ್ಕೆ ಕನ್ನಡದಲ್ಲಿ 'ಬಾಹ್ಯತೆ', 'ಬಾಹ್ಯ ಪರಿಣಾಮ' ಎಂಬ ರೂಪಗಳು ಬಳಕೆಯಲ್ಲಿವೆ. ಒಂದು ವ್ಯವಹಾರದ ಲಾಭ ಅಥವಾ ಹಾನಿಯು ಅದರಲ್ಲಿ ಪಾಲ್ಗೊಳ್ಳದ ಮೂರನೆಯವರಿಗೆ ತಟ್ಟಿಯೂ ಬೆಲೆಯಲ್ಲಿ ಕಾಣಿಸದಿರುವುದನ್ನು ಈ ಪದ ಸೂಚಿಸುತ್ತದೆ. ಪರಿಕಲ್ಪನೆಯ ಬೇರುಗಳು ಮಾರ್ಷಲ್ (1890) ಮತ್ತು ಪಿಗೂ (1920) ಅವರ ಗ್ರಂಥಗಳಲ್ಲಿವೆ.

ಕನ್ನಡ ರೂಪದ ತೊಡಕು '-ತೆ' ಪ್ರತ್ಯಯದಿಂದಲೇ ಆರಂಭವಾಗುತ್ತದೆ. 'ಬಾಹ್ಯತೆ' ಗುಣವಾಚಕವಾಗಿ ಕೇಳಿಸುತ್ತದೆಯೇ ಹೊರತು ಒಬ್ಬರ ಮೇಲೆ ಬೀಳುವ ಪರಿಣಾಮವಾಗಿ ಅಲ್ಲ. ವಚನ ಸಾಹಿತ್ಯದ ಅಂತರಂಗ-ಬಹಿರಂಗಗಳಿಗೆ ಪಳಗಿದ ಓದುಗನಿಗಂತೂ ಅದು ಬೇರೆಯದೇ ಅರ್ಥಲೋಕವನ್ನು ತೆರೆಯುತ್ತದೆ. ಇದಕ್ಕಿಂತ ಮುಖ್ಯವಾದುದು, ಯಾವುದರಿಂದ ಬಾಹ್ಯ ಎಂಬ ಪ್ರಶ್ನೆಯನ್ನೇ ಈ ಪದ ಮರೆಮಾಚುತ್ತದೆ ಎಂಬುದು.

ಇಳಕಲ್ಲಿನ ನೇಕಾರಿಕೆಯನ್ನು ಗಮನಿಸಬಹುದು. ಬಣ್ಣ ಹಾಕುವವರು, ಹಾಸು ಹೂಡುವವರು, ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಜೋಡಿಸಬಲ್ಲವರು ಒಂದೇ ಊರಿನಲ್ಲಿರುವುದರಿಂದ ಪ್ರತಿ ಮಗ್ಗಕ್ಕೂ ಅನುಕೂಲವಿದೆ. ಅದಕ್ಕೆ ಯಾರೂ ಬೆಲೆ ತೆರುವುದಿಲ್ಲ. ಅದೇ ಪರಿಸರದ ಕೆಂಪು ಗ್ರಾನೈಟ್ ಗಣಿಯ ಧೂಳು ನೆರೆಯ ಹೊಲದ ಬೆಳೆಯ ಮೇಲೆ ಕುಳಿತರೆ ಆ ನಷ್ಟವೂ ಕಲ್ಲಿನ ಬೆಲೆಯಲ್ಲಿ ಸೇರುವುದಿಲ್ಲ. ಎರಡೂ ಊರಿನ ಒಳಗಿನವೇ. ಬಾದಾಮಿಯಲ್ಲಿಯೂ ಹಾಗೆಯೇ: ಗುಹಾಲಯಗಳಿಂದ ವಸತಿಗೃಹಗಳಿಗೆ ಆದಾಯ, ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ನಿರ್ಮಾಣವನ್ನು ನಿಷೇಧಿಸುವ 2010ರ ತಿದ್ದುಪಡಿ ಕಾಯ್ದೆಯ ಭಾರ ಸುತ್ತಲಿನ ನಿವಾಸಿಗಳಿಗೆ.

ಬಾಗಲಕೋಟೆಯ ನಿದರ್ಶನ ಇನ್ನೂ ಜಟಿಲವಾದುದು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಭಾಗಗಳನ್ನೂ ಅನೇಕ ಹಳ್ಳಿಗಳನ್ನೂ ಆವರಿಸಿತು, ನವನಗರ ಎದ್ದಿತು. ಮುಳುಗಡೆಯ ನಷ್ಟವನ್ನೆಲ್ಲ 'ಬಾಹ್ಯತೆ' ಎನ್ನುವುದು ಸಡಿಲ ಪ್ರಯೋಗ. ಪರಿಹಾರ ಪಡೆದ ಹೊಲ ಯೋಜನೆಯ ವೆಚ್ಚದೊಳಗೆ ಬಂದಿದೆ. ಪರಿಹಾರ ಸಾಲದಾಯಿತೆಂಬುದು ಬೇರೆ ವಾದ. ಆದರೆ ಆ ಹೊಲದಲ್ಲಿ ದುಡಿಯುತ್ತಿದ್ದ ಕೂಲಿಕಾರ, ರಾಶಿಯ ಹೊತ್ತಿಗೆ ಆಯ ಪಡೆಯುತ್ತಿದ್ದ ಬಡಿಗ, ಕಮ್ಮಾರ? 1894ರ ಭೂಸ್ವಾಧೀನ ಕಾಯ್ದೆ ಭೂಮಿಯಲ್ಲಿ ಹಕ್ಕುಳ್ಳವರನ್ನು ಮಾತ್ರ ಗುರುತಿಸಿತು. 2013ರ ಕಾಯ್ದೆಯಾದರೋ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಅದನ್ನೇ ಮುಖ್ಯ ಜೀವನಾಧಾರವಾಗಿಸಿಕೊಂಡ ಕೃಷಿ ಕಾರ್ಮಿಕ, ಗೇಣಿದಾರ, ಕುಶಲಕರ್ಮಿಗಳನ್ನೂ 'ಬಾಧಿತ ಕುಟುಂಬ'ದ ವ್ಯಾಖ್ಯೆಗೆ ತಂದಿತು. ನೀರು ಅದೇ, ನಷ್ಟವೂ ಅದೇ. ಹೊರಗಿದ್ದವರು ಒಳಗಾದದ್ದು ವ್ಯಾಖ್ಯೆ ಬದಲಾದುದರಿಂದ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಬಾವಿಯಂಥ ಗೋಡೆ ಕಟ್ಟಿ ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕಾಪಾಡಲಾಗಿದೆ. ಅಲ್ಲಿ ಸಂಭವನೀಯ ಹಾನಿ ಮೊದಲೇ ಎಣಿಕೆಗೆ ಬಂದಿತ್ತು. ಎಲ್ಲ ಹಾನಿಗೂ ಆ ಭಾಗ್ಯವಿಲ್ಲ.

ಆದ್ದರಿಂದ 'ಲೆಕ್ಕದ ಹೊರಗಿನ ಪರಿಣಾಮ' ಎಂಬ ಬಿಡಿರೂಪವೇ ಹೆಚ್ಚು ಸಮರ್ಪಕ. ಒಳಿತು, ಕೆಡುಕು ಎರಡಕ್ಕೂ ಅದು ಹೊಂದುತ್ತದೆ. 'ಹೊರಹೊರೆ'ಯಂಥ ನುಡಿಗಟ್ಟಿಗೆ ಆ ಅನುಕೂಲವಿಲ್ಲ. ಪದ ಉದ್ದವಾಯಿತೆನ್ನುವವರು 'ಲೆಕ್ಕಬಾಹ್ಯ' ಎಂದು ಬೆಸೆಯಬಹುದಿತ್ತು, ಆದರೆ ಅರಿಸಮಾಸವೆಂದು ವೈಯಾಕರಣರು ಮುನಿದಾರು. ಈ ರೂಪವನ್ನು ಬಳಸಿದೊಡನೆ ಯಾರ ಲೆಕ್ಕ, ಬರೆದವರು ಯಾರು ಎಂದು ಕೇಳಲೇಬೇಕಾಗುತ್ತದೆ.

ಇದು ಕೇವಲ ಪದಕೋಶದ ಚರ್ಚೆಯಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಅವಕಾಶ ನೀಡಿದೆ. ಕೊಲ್ಹಾಪುರ, ಸಾಂಗ್ಲಿಗಳ ಪ್ರವಾಹಕ್ಕೆ ಆಲಮಟ್ಟಿಯೇ ಕಾರಣವೆಂಬ, ಕರ್ನಾಟಕ ಒಪ್ಪದ ಆಕ್ಷೇಪವೂ ಮಹಾರಾಷ್ಟ್ರದಿಂದ ಕೇಳಿಬಂದಿದೆ. ಮಟ್ಟ ಏರಿದರೆ ಇನ್ನಷ್ಟು ಊರುಗಳ ಸಮೀಕ್ಷೆಯಾಗಬೇಕು, ಕನ್ನಡದಲ್ಲಿ ವರದಿಗಳು ಬರೆಯಲ್ಪಡಬೇಕು. ಆ ವರದಿಯ ಕೋಷ್ಟಕಗಳಲ್ಲಿ ಹೊಲದೊಡೆಯನ ಹೆಸರಿನ ಕೆಳಗೆ ಆಯಗಾರನಿಗೂ ಒಂದು ಸಾಲು ಇರುವುದೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಬೇಕಾಗಿದೆ.