ಕಸದ ಶುಲ್ಕ ಬೇಡ ಎನ್ನುವವರಿಗೆ

ಕಂದಾಯ ಕಟ್ಟುವ ಹೊತ್ತು ಬಂತೆಂದರೆ ದಾವಣಗೆರೆಯಲ್ಲೂ ಹರಿಹರದಲ್ಲೂ ಒಂದೇ ಪ್ರಶ್ನೆ ಕಿವಿಗೆ ಬೀಳುತ್ತದೆ: ಕಸಕ್ಕೂ ದುಡ್ಡು ಕೊಡಬೇಕಾ? ಘನತ್ಯಾಜ್ಯದ ಶುಲ್ಕ ಹಗಲು ದರೋಡೆ, ಅದನ್ನು ರದ್ದು ಮಾಡಲೇಬೇಕು ಎನ್ನುವವರಲ್ಲಿ ನನ್ನ ಆಪ್ತರೂ ಇದ್ದಾರೆ, ನಾನು ಗೌರವಿಸುವ ಹಿರಿಯರೂ ಇದ್ದಾರೆ. ಅವರ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಆದರೆ ಆ ಸಿಟ್ಟಿನಿಂದ ಅವರು ಮುಟ್ಟುವ ತೀರ್ಮಾನ ಊರಿಗೆ ಕೇಡು ಎಂದೇ ನಾನು ನಂಬಿದ್ದೇನೆ. ಹಾಗಾಗಿ ಅವರ ಒಂದೊಂದು ಮಾತಿಗೂ ಉತ್ತರ ಕೊಡಬೇಕಾಗಿದೆ.

"ಕಂದಾಯ ಕಟ್ಟುತ್ತೇವೆ, ಅದರ ಮೇಲೆ ಆರೋಗ್ಯ ಕರ ಬೇರೆ. ಮತ್ತೆ ಇದೇಕೆ?" ಎಲ್ಲರೂ ಮೊದಲು ಎತ್ತುವ ಮಾತಿದು. ಚಲನ್ ಹಿಡಿದು ಸಾಲು ಸಾಲಾಗಿ ಓದೋಣ. ಆಸ್ತಿ ತೆರಿಗೆ ಸಾವಿರ ರೂಪಾಯಿ ಆದರೆ ಅದರ ಮೇಲೆ ಆರೋಗ್ಯ ಕರ ಶೇ 15ರಂತೆ 150 ರೂಪಾಯಿ, ಗ್ರಂಥಾಲಯ ಕರ ಶೇ 6ರಂತೆ 60, ಭಿಕ್ಷುಕರ ಕರ ಶೇ 3ರಂತೆ 30. ಈ ಮೂರನ್ನೂ ವಸೂಲಿ ಮಾಡುವುದಷ್ಟೇ ಪಾಲಿಕೆಯ ಕೆಲಸ. ಆರೋಗ್ಯ ಕರ 1962ರ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರಕ್ಕೆ ಸಲ್ಲಬೇಕಾದದ್ದು, ಗ್ರಂಥಾಲಯದ್ದು ಗ್ರಂಥಾಲಯಕ್ಕೆ, ಭಿಕ್ಷುಕರದ್ದು ಅವರ ಪುನರ್ವಸತಿಗೆ. ಹೆಸರಿನಲ್ಲಿ ಆರೋಗ್ಯ ಇದೆ ಎಂದ ಮಾತ್ರಕ್ಕೆ ಅದು ನಿಮ್ಮ ಬೀದಿಗೆ ಬರುವ ಆಟೋ ಟಿಪ್ಪರ್‌ನ ಡೀಸೆಲ್ ಆಗುವುದಿಲ್ಲ.

ಇನ್ನು ಮೂಲ ಕಂದಾಯ. ರಸ್ತೆ, ಚರಂಡಿ, ಬೀದಿದೀಪ, ಉದ್ಯಾನ, ಕಚೇರಿ ಖರ್ಚು ಎಲ್ಲವೂ ಅದರ ಮೇಲೇ ಕೂತಿವೆ. ಆ ಕಂದಾಯ ನಿಮ್ಮ ನಿವೇಶನದ ಮತ್ತು ಕಟ್ಟಡದ ಬೆಲೆ ನೋಡಿ ನಿಗದಿಯಾಗುತ್ತದೆಯೇ ಹೊರತು ನೀವು ಹೊರಹಾಕುವ ಕಸ ನೋಡಿ ಅಲ್ಲ. ಇದನ್ನು ಅರಿತೇ ಕೇಂದ್ರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಹುಟ್ಟಿಸುವ ಪ್ರತಿಯೊಬ್ಬರೂ ಬಳಕೆದಾರರ ಶುಲ್ಕ ಕೊಡಬೇಕು ಎಂದವು, ದರವನ್ನು ಬೈಲಾ ಮೂಲಕ ಗೊತ್ತುಮಾಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ ವಹಿಸಿದವು. ಮಾಲಿನ್ಯ ಮಾಡಿದವರೇ ಅದರ ವೆಚ್ಚ ಭರಿಸಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರ ವೆಲ್ಲೂರು ಪ್ರಕರಣದಲ್ಲೇ ನಮ್ಮ ಕಾನೂನಿನ ಭಾಗ ಎಂದು ಸಾರಿತ್ತು. ಯಾವುದೋ ಅಧಿಕಾರಿ ರಾತ್ರೋರಾತ್ರಿ ಹುಟ್ಟುಹಾಕಿದ ಸುಲಿಗೆ ಇದಲ್ಲ.

"ದಿಲ್ಲಿಯಿಂದ ಸ್ವಚ್ಛ ಭಾರತದ ದುಡ್ಡು ಬರುತ್ತದೆ, ದಾವಣಗೆರೆ ಸ್ಮಾರ್ಟ್ ಸಿಟಿ ಬೇರೆ" ಎನ್ನುವವರಿಗೆ ಉತ್ತರ ಚಿಕ್ಕದು. 2016ರ ಜನವರಿಯಲ್ಲಿ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳಲ್ಲಿ ನಮ್ಮ ಊರಿನ ಹೆಸರು ಬಂದದ್ದು ನಿಜ. ಇಂಥ ಯೋಜನೆಗಳ ದುಡ್ಡು ಗಾಡಿ ಕೊಳ್ಳಲು, ಶೆಡ್ ಕಟ್ಟಲು, ಯಂತ್ರ ಕೂರಿಸಲು, ಹಳೆಯ ಕಸದ ರಾಶಿ ಕರಗಿಸಲು. ಗಾಡಿ ಬಂದ ಮೇಲೆ ಅದನ್ನು ದಿನಾ ಓಡಿಸುವ ಖರ್ಚು ಊರಿನದೇ.

ಆ ಖರ್ಚು ಎಷ್ಟಿದ್ದೀತು ಎಂದು ಊಹಿಸಲು ಎರಡು ಲೆಕ್ಕ ಸಾಕು. 2011ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ಸುಮಾರು 4.35 ಲಕ್ಷ, ಹರಿಹರದ್ದು 83 ಸಾವಿರ. ನಮ್ಮಂಥ ಊರುಗಳಲ್ಲಿ ತಲೆಗೆ ದಿನಕ್ಕೆ ಮುನ್ನೂರರಿಂದ ನಾನೂರು ಗ್ರಾಂ ಕಸ ಎಂದು ಹಿಡಿದರೂ ದಾವಣಗೆರೆಯಲ್ಲಿ ನಿತ್ಯ 130ರಿಂದ 175 ಟನ್, ಹರಿಹರದಲ್ಲಿ 25ರಿಂದ 33 ಟನ್ ಆಗುತ್ತದೆ. 2011ರಿಂದ ಈಚೆಗೆ ಎರಡೂ ಊರು ಬೆಳೆದಿವೆ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬ ರಾಜ್ಯದ ಮಾನದಂಡ ಹಿಡಿದರೆ ಅದೇ ಹಳೆಯ ಜನಸಂಖ್ಯೆಗೂ ದಾವಣಗೆರೆಗೆ 620 ಮಂದಿ, ಹರಿಹರಕ್ಕೆ ಸುಮಾರು 120 ಮಂದಿ ಬೇಕು. ಚಾಲಕರು, ಲೋಡರ್‌ಗಳು ಇದರ ಮೇಲೆ. ಬೆಳಗಿನ ಜಾವ ಬರಿಗೈಯಲ್ಲಿ ನಮ್ಮ ಎಂಜಲು ಬಾಚುವವರಿಗೆ ಕೈಗವಸು, ಬೂಟು, ಸಕಾಲಕ್ಕೆ ಸಂಬಳ ಸಿಗಬೇಕು ಎಂದು ನಾವೆಲ್ಲ ಹೇಳುತ್ತೇವೆ. ಹಾಗೆ ಹೇಳುವಾಗ ಅದರ ದುಡ್ಡು ಎಲ್ಲಿಂದ ಬರಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

ಈಗ ಅತ್ಯಂತ ಆಕರ್ಷಕವಾದ ವಾದಕ್ಕೆ ಬರೋಣ. "ಕಸದಿಂದ ರಸ ಅಂತ ನೀವೇ ಗೋಡೆ ಮೇಲೆ ಬರೆಸುತ್ತೀರಿ. ಕಸಕ್ಕೆ ಬೆಲೆ ಇದ್ದರೆ ದುಡ್ಡು ಕೊಡಬೇಕಾದವರು ನೀವು, ನಾವಲ್ಲ." ಇದನ್ನು ಹೇಳುವವರು ತಮ್ಮ ಮನೆಯ ಗುಜರಿ ವ್ಯವಹಾರವನ್ನೇ ಒಮ್ಮೆ ಗಮನಿಸಿದರೆ ಸಾಕು. ಹಳೆಯ ಪೇಪರು, ರಟ್ಟು, ಕಬ್ಬಿಣ, ಹಿತ್ತಾಳೆ, ಬಿಯರ್ ಬಾಟಲಿ, ಗಟ್ಟಿ ಪ್ಲಾಸ್ಟಿಕ್ ಬಕೆಟ್ಟು ಎಲ್ಲವನ್ನೂ ನಾವು ಪಾಲಿಕೆ ಗಾಡಿಗೆ ಹಾಕುತ್ತೇವೆಯೇ? ಇಲ್ಲ. ಗುಜರಿಯವನನ್ನು ಕರೆದು, ತಕ್ಕಡಿ ಸರಿಯಾಗಿ ಹಿಡಿ ಎಂದು ಚೌಕಾಸಿ ಮಾಡಿ ಮಾರುತ್ತೇವೆ. ಬೆಲೆ ಇರುವುದನ್ನು ನಾವು ಮೊದಲೇ ಹೊರತೆಗೆದಾಯಿತು. ಬೀದಿಯಲ್ಲಿ ಏನಾದರೂ ಉಳಿದಿದ್ದರೆ ಚಿಂದಿ ಆಯುವವರು ಬೆಳಗಾಗುವುದರೊಳಗೆ ಆಯ್ದಿರುತ್ತಾರೆ. ಗಾಡಿಗೆ ಬಂದು ಬೀಳುವುದು ಗುಜರಿ ಅಂಗಡಿಯೂ ಬೇಡವೆಂದದ್ದು.

ಒಣಕಸ ವಿಂಗಡಿಸುವ ಮೇಜಿನ ಮುಂದೆ ನಿಂತು ನೋಡಿದರೆ ಈ ಮಾತು ಬೇಗ ಅರ್ಥವಾಗುತ್ತದೆ. ಒಳಗೆ ಬೆಳ್ಳಿ ಬಣ್ಣ, ಹೊರಗೆ ಚಿತ್ರ ಇರುವ ಚಿಪ್ಸ್ ಪೊಟ್ಟಣ. ಅದರಲ್ಲಿ ಪ್ಲಾಸ್ಟಿಕ್ಕೂ ಲೋಹದ ಲೇಪವೂ ಅಂಟಿಕೊಂಡಿರುವುದರಿಂದ ಬೇರ್ಪಡಿಸಲಾಗದು, ಕೊಳ್ಳುವವರೂ ಇಲ್ಲ. ಶಾಂಪೂ ಸ್ಯಾಷೆ, ಗುಟ್ಕಾ ಚೀಟಿ, ಮಿರ್ಚಿ ಎಣ್ಣೆ ಹೀರಿ ಮೆತ್ತಗಾದ ಪೇಪರು, ಸಾರು ಮೆತ್ತಿದ ಪಾರ್ಸಲ್ ಕವರು, ಒದ್ದೆಯಾದ ಡೈಪರ್. ಆಯುಧಪೂಜೆಯ ಮರುದಿನವಾದರೆ ಒಡೆದ ಬೂದುಗುಂಬಳ, ಬಾಳೆಕಂದು, ಕುಂಕುಮ ಮೆತ್ತಿದ ನಿಂಬೆಹಣ್ಣು ರಾಶಿ ರಾಶಿ. ಇವನ್ನು ಕೈಯಿಂದ ಬಿಡಿಸಬೇಕು. ಬಿಡಿಸಿದ ಮೇಲೂ ಮರುಬಳಕೆಯಾಗದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಕಳಿಸಬೇಕೆಂದರೆ ಅದರ ಲಾರಿ ಬಾಡಿಗೆಯೂ ಊರಿನ ತಲೆಯ ಮೇಲೆಯೇ ಬೀಳುವುದು ಹೆಚ್ಚು.

ಗೊಬ್ಬರದ ಲೆಕ್ಕವೂ ಇದೆ. ನೂರು ಟನ್ ಹಸಿಕಸ ಕೊಳೆತು ಗೊಬ್ಬರವಾದಾಗ ಹದಿನೈದು ಇಪ್ಪತ್ತು ಟನ್ ಉಳಿದರೆ ಒಳ್ಳೆಯ ಇಳುವರಿ. ಉಳಿದದ್ದು ನೀರು ಮತ್ತು ಗಾಳಿ. ನಗರದ ಕಾಂಪೋಸ್ಟ್‌ಗೆ ಮಾರುಕಟ್ಟೆ ಸಿಗಲೆಂದು ಕೇಂದ್ರ ಸರ್ಕಾರ 2016ರಲ್ಲಿ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿತ್ತು. ಇಪ್ಪತ್ತು ಟನ್ನಿಗೆ ಅದು ಮೂವತ್ತು ಸಾವಿರ. ನೂರು ಟನ್ ಕಸವನ್ನು ಮನೆಮನೆಯಿಂದ ಎತ್ತಿ, ಸಾಗಿಸಿ, ಹರಡಿ, ತಿರುವಿ, ಜರಡಿ ಹಿಡಿಯುವ ಒಂದು ದಿನದ ಖರ್ಚಿನ ಮುಂದೆ ಈ ಮೊತ್ತ ಎಲ್ಲಿ ನಿಂತೀತು? ಭದ್ರಾ ಅಚ್ಚುಕಟ್ಟಿನ ಗದ್ದೆಗಳಿಗೆ ಈ ಗೊಬ್ಬರ ಹೋಗಬೇಕು, ಹೋಗಲಿ ಎಂಬುದೇ ನನ್ನ ಆಸೆ. ಆದರೆ ಗಾಜಿನ ಚೂರು, ಪ್ಲಾಸ್ಟಿಕ್ ಎಳೆ ಇರುವ ಗೊಬ್ಬರವನ್ನು ಭತ್ತದ ರೈತ ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ. ಗೊಬ್ಬರಕ್ಕೆ ಬೆಲೆ ಬರುವುದೋ ಇಲ್ಲವೋ ಎಂಬುದು ನಮ್ಮ ಅಡುಗೆಮನೆಯ ಎರಡು ಬುಟ್ಟಿಗಳಲ್ಲಿ ತೀರ್ಮಾನವಾಗುತ್ತದೆ.

"ಗಾಡಿ ಸರಿಯಾಗಿ ಬರುವುದಿಲ್ಲ. ಬಂದರೂ ನಾವು ಬೇರೆ ಮಾಡಿ ಕೊಟ್ಟದ್ದನ್ನು ಒಟ್ಟಿಗೇ ಸುರಿದುಕೊಂಡು ಹೋಗುತ್ತಾರೆ. ಇಂಥ ಸೇವೆಗೆ ದುಡ್ಡೇಕೆ?" ಈ ದೂರು ಇರುವ ಬೀದಿಗಳಲ್ಲಿ ಸಿಟ್ಟು ನೂರಕ್ಕೆ ನೂರು ನ್ಯಾಯ. ಬೇರ್ಪಡಿಸಿ ಕೊಟ್ಟವರ ಕಣ್ಣೆದುರೇ ಎರಡನ್ನೂ ಬೆರೆಸುವುದು ಅವರ ಶ್ರಮಕ್ಕೆ ಮಾಡುವ ಅವಮಾನ. ಹಾಗಾದರೆ ಪರಿಹಾರ ಏನು? ಶುಲ್ಕ ತೆಗೆದರೆ ಗಾಡಿ ಸಮಯಕ್ಕೆ ಬರುತ್ತದೆಯೇ? ಪುಕ್ಕಟೆ ಸೇವೆಗೆ ಗಾಡಿ ಬಂದರೆ ಪುಣ್ಯ, ಬರದಿದ್ದರೆ ನಮ್ಮ ಹಣೆಬರಹ. ಶುಲ್ಕ ಕೊಟ್ಟ ರಸೀದಿ ಕೈಯಲ್ಲಿದ್ದರೆ, ನಮ್ಮ ವಾರ್ಡಿಗೆ ಎಷ್ಟು ಗಾಡಿ, ಎಷ್ಟು ಟ್ರಿಪ್, ಯಾವ ಹೊತ್ತಿಗೆ ಎಂದು ಆರೋಗ್ಯ ನಿರೀಕ್ಷಕರ ಎದುರು ನಿಂತು ಕೇಳಬಹುದು. ನಾನು ಶುಲ್ಕದ ಪರವಾಗಿರುವುದಕ್ಕೆ ಮುಖ್ಯ ಕಾರಣವೇ ಇದು. ಜೊತೆಗೆ, ಗಾಡಿಯಲ್ಲಿ ಕಸ ಬೆರೆಯುವುದಕ್ಕೆ ಚಾಲಕನ ಅವಸರ ಒಂದು ಕಾರಣವಾದರೆ, ಆ ಬೀದಿಯ ಹತ್ತು ಮನೆಗಳಲ್ಲಿ ಏಳು ಬೆರೆಸಿಯೇ ಕೊಡುವುದು ಇನ್ನೊಂದು. ಏಳು ಮನೆಯವರು ಬೆರೆಸಿದ ಮೇಲೆ ಮೂರು ಮನೆಯವರ ಬುಟ್ಟಿಯನ್ನು ಪ್ರತ್ಯೇಕ ಇಡುವ ಜಾಗ ಅವನಿಗೂ ಇರುವುದಿಲ್ಲ.

ಬಡವರ ಮೇಲೆ ಹೊರೆ ಎಂಬ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಒಂದೇ ದರ ಎಲ್ಲರಿಗೂ ಎಂದರೆ ನಾನೂ ವಿರೋಧಿಸುತ್ತೇನೆ. ಆದರೆ ದರ ಹಾಗೆಯೇ ಇರಬೇಕೆಂದೇನಿಲ್ಲ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಬಂದ ಶುಲ್ಕ ನೋಡಿ: 600 ಚದರ ಅಡಿಯೊಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, ಸಾವಿರದವರೆಗೆ 50, ಎರಡು ಸಾವಿರದವರೆಗೆ 100, ನಾಲ್ಕು ಸಾವಿರ ದಾಟಿದರೆ 400. ಅಲ್ಲಿನ ದರ ನಮ್ಮ ಊರಿಗೆ ಹೊಂದುವುದಿಲ್ಲ, ನಕಲು ಮಾಡಬೇಕಾಗಿಯೂ ಇಲ್ಲ. ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಈ ಲೆಕ್ಕ ಅನ್ಯಾಯ ಮಾಡುತ್ತದೆ ಎಂಬುದೂ ಸತ್ಯ, ಅಂಥವರಿಗೆ ವಿನಾಯಿತಿ ಬೇಕು. ತತ್ವ ಮಾತ್ರ ಸರಿ: ನಿಟ್ಟುವಳ್ಳಿಯ ಒಂದು ಕೋಣೆಯ ಮನೆಯೂ ಪಿ.ಜೆ. ಬಡಾವಣೆಯ ಬಂಗಲೆಯೂ ಒಂದೇ ಸಾಲಿನಲ್ಲಿ ನಿಲ್ಲಬಾರದು. ಮಂಡಕ್ಕಿ ಮಿರ್ಚಿ ಗಾಡಿಯವರು ನಿತ್ಯ ಸುಂಕ ಕೊಡುತ್ತಿದ್ದರೆ ಅವರಿಂದ ಮತ್ತೆ ಕಸದ ಹೆಸರಲ್ಲಿ ಕೀಳಬಾರದು.

ಬಡವರ ಹೆಸರು ಹೇಳುವವರು ಇನ್ನೂ ಒಂದು ಕಡೆ ನೋಡಬೇಕು. ಶುಲ್ಕವಿಲ್ಲದೆ, ವಿಂಗಡಣೆಯಿಲ್ಲದೆ ಕಸ ರಾಶಿ ಬಿದ್ದರೆ ಅದರ ಬೆಲೆ ತೆರುವವರು ಯಾರು? ದಾವಣಗೆರೆಯ ಕಸ ಹೋಗುವುದು ಆವರಗೊಳ್ಳದ ಕಡೆಗೆ. ಬೆರೆತ ಕಸದ ರಾಶಿಯೊಳಗೆ ಮಿಥೇನ್ ಹುಟ್ಟುತ್ತದೆ, ಬೇಸಿಗೆಯಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ, ಮಳೆ ಬಂದರೆ ಕಪ್ಪು ರಸ ಭೂಮಿಗೆ ಇಳಿಯುತ್ತದೆ. ವಾಸನೆ, ಹೊಗೆ, ನೊಣ ಎಲ್ಲ ರಾಶಿಯ ಪಕ್ಕದ ಹಳ್ಳಿಯವರ ಪಾಲಿಗೆ. ಅವರೂ ಬಡವರೇ.

"ಶುಲ್ಕ ಹಾಕಿದರೆ ಜನ ಖಾಲಿ ಸೈಟಿನಲ್ಲಿ, ನಾಲೆಯಲ್ಲಿ ಎಸೆಯುತ್ತಾರೆ." ಎಸೆಯುವ ಚಾಳಿ ಶುಲ್ಕ ಬರುವ ಮೊದಲೇ ಇತ್ತು, ಭದ್ರಾ ನಾಲೆಯ ದಂಡೆ ನೋಡಿದವರಿಗೆ ಸಾಕ್ಷಿ ಬೇಕಿಲ್ಲ. ಆದರೂ ಈ ಭಯ ಪೊಳ್ಳಲ್ಲ. ದಕ್ಷಿಣ ಕೊರಿಯಾ 1995ರಿಂದ ಇಡೀ ದೇಶದಲ್ಲಿ ಕಸದ ಪ್ರಮಾಣಕ್ಕೆ ತಕ್ಕ ಶುಲ್ಕ ತಂದಿತು. ಕಸ ಹಾಕಲು ನಿಗದಿತ ಚೀಲವನ್ನೇ ದುಡ್ಡು ಕೊಟ್ಟು ಕೊಳ್ಳಬೇಕು, ಮರುಬಳಕೆಯ ವಸ್ತುಗಳನ್ನು ಬೇರ್ಪಡಿಸಿ ಕೊಟ್ಟರೆ ಶುಲ್ಕವಿಲ್ಲ. ಕದ್ದು ಎಸೆಯುವವರು ಅಲ್ಲೂ ಇದ್ದರು. ದಂಡ ಮತ್ತು ಕಾವಲಿನಿಂದ ಅದನ್ನು ಎದುರಿಸಿದರು, ಶುಲ್ಕ ಕೈಬಿಡಲಿಲ್ಲ. ನಮ್ಮಲ್ಲಿ ಶುಲ್ಕ ಕಂದಾಯದ ಜೊತೆಗೇ ಸೇರಿದರೆ ಎಸೆದರೂ ಕೊಡಬೇಕು, ಗಾಡಿಗೆ ಹಾಕಿದರೂ ಕೊಡಬೇಕು. ಆಗ ಎಸೆಯುವುದರಿಂದ ಲಾಭವೇನೂ ಇಲ್ಲ. ಹರಿಹರದವರಿಗಂತೂ ಇದು ಇನ್ನಷ್ಟು ಹತ್ತಿರದ ಸಂಗತಿ. ತುಂಗಭದ್ರೆಯ ದಂಡೆಗೆ ಸುರಿದದ್ದು ಮೊದಲ ಮಳೆಗೇ ಹೊಳೆಗಿಳಿಯುತ್ತದೆ. ದಾವಣಗೆರೆಗೂ ಕುಡಿಯುವ ನೀರು ಅದೇ ಹೊಳೆಯಿಂದ, ರಾಜನಹಳ್ಳಿಯ ಪಂಪ್‌ಹೌಸ್ ಮೂಲಕ ಬರುತ್ತದೆ.

"ಹೋಟೆಲ್, ಛತ್ರ, ಆಸ್ಪತ್ರೆಗಳನ್ನು ಬಿಟ್ಟು ನಮ್ಮ ಹಿಂದೆ ಬೀಳುತ್ತೀರಿ." ಅವರನ್ನು ಬಿಡಬಾರದು, ನಾನು ನಿಮ್ಮ ಜೊತೆಗೇ ಇದ್ದೇನೆ. ದಿನಕ್ಕೆ ನೂರು ಕೆಜಿಗಿಂತ ಹೆಚ್ಚು ಕಸ ಮಾಡುವವರನ್ನು 2016ರ ನಿಯಮಗಳೇ ಬೇರೆಯಾಗಿ ಗುರುತಿಸಿದ್ದವು. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭವಾದರೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು ಎಂದೂ ಅವು ಹೇಳಿದ್ದವು. ಮದುವೆ ಹಂಗಾಮಿನಲ್ಲಿ ಎಷ್ಟು ಮಂದಿ ಹಾಗೆ ತಿಳಿಸುತ್ತಾರೆ ಎಂದು ಕೇಳುವುದು ನಾಗರಿಕರ ಹಕ್ಕು. ಆಸ್ಪತ್ರೆಗಳಾದರೋ ವೈದ್ಯಕೀಯ ತ್ಯಾಜ್ಯದ ವಿಲೇವಾರಿಗೆ ಹಾಸಿಗೆಯ ಲೆಕ್ಕದಲ್ಲಿ ದುಡ್ಡು ಕೊಡುವ ಪದ್ಧತಿ ಬಹಳ ಕಾಲದಿಂದ ನಡೆದುಬಂದಿದೆ. ಅದನ್ನು ಯಾರೂ ದರೋಡೆ ಎನ್ನುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ವಿರೋಧಿಗಳ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕೆಟ್ಟ ಮೊಬೈಲ್, ಟಿ.ವಿ., ಹಳೆಯ ಬ್ಯಾಟರಿ ತಂದುಕೊಡುವ ನಾಗರಿಕನಿಂದ ಒಂದು ಪೈಸೆಯನ್ನೂ ಪಡೆಯಬಾರದು. 2022ರ ಇ-ತ್ಯಾಜ್ಯ ಮತ್ತು ಬ್ಯಾಟರಿ ನಿಯಮಗಳಲ್ಲಿ ಆ ಹೊಣೆ ಅವನ್ನು ತಯಾರಿಸಿದ ಕಂಪನಿಯದು.

ಕೊನೆಯದು, "ದುಡ್ಡು ತಿಂದು ಹಾಕುತ್ತಾರೆ" ಎಂಬ ಮಾತು. ಇದಕ್ಕೆ ನಂಬಿಕೆಯಿಂದ ಉತ್ತರ ಸಿಗುವುದಿಲ್ಲ, ಕಾಗದದಿಂದ ಸಿಗುತ್ತದೆ. ಎಷ್ಟು ಕಸ ಸಂಗ್ರಹವಾಯಿತು, ಎಷ್ಟು ಸಂಸ್ಕರಣೆಯಾಯಿತು ಎಂಬ ವಾರ್ಷಿಕ ವರದಿಯನ್ನು ಸ್ಥಳೀಯ ಸಂಸ್ಥೆ ನಮೂನೆ 4ರಲ್ಲಿ ಸಲ್ಲಿಸಬೇಕೆಂದು 2016ರ ನಿಯಮಗಳಲ್ಲೇ ಇತ್ತು. ಶುಲ್ಕದ ಜಮಾ ಖರ್ಚಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಲಿ, ವಾರ್ಡುವಾರು ಪಟ್ಟಿಯನ್ನು ವಲಯ ಕಚೇರಿಯ ಫಲಕಕ್ಕೆ ಮೂರು ತಿಂಗಳಿಗೊಮ್ಮೆ ಹಾಕಲಿ ಎಂದು ಬೈಲಾದ ಮೇಲಿನ ಆಕ್ಷೇಪಣೆಯಲ್ಲಿ ಬರೆದುಕೊಡಿ. ಹಾಕದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ ಮೂರು ವಿಷಯ ಕೇಳಿ: ಕಳೆದ ವರ್ಷದ ವಾರ್ಷಿಕ ವರದಿಯ ಪ್ರತಿ, ಶುಲ್ಕದಿಂದ ಬಂದ ಒಟ್ಟು ಮೊತ್ತ, ಅದರಲ್ಲಿ ನಿಮ್ಮ ವಾರ್ಡಿಗೆ ಆದ ಖರ್ಚು. ದಾವಣಗೆರೆಯಲ್ಲಿ ಪಾಲಿಕೆಗೆ, ಹರಿಹರದಲ್ಲಿ ನಗರಸಭೆಗೆ. ಉತ್ತರಕ್ಕೆ ಮೂವತ್ತು ದಿನ ಗಡುವು.