ಕಣ್ಣಿಗೆ ಹಬ್ಬ, ಕತೆಗೆ ಬರ

2022ರ ಏಪ್ರಿಲ್ 14ರಂದು ತೆರೆಕಂಡ ‘ಕೆಜಿಎಫ್ ಚಾಪ್ಟರ್ 2’ ಸಾವಿರ ಕೋಟಿ ರೂಪಾಯಿ ಗಳಿಕೆಯ ಗಡಿ ದಾಟಿದ ಮೊದಲ ಕನ್ನಡ ಸಿನಿಮಾ. ಅದರ ಸಾಹಸ ನಿರ್ದೇಶನಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಭುವನ್ ಗೌಡರ ಕ್ಯಾಮೆರಾ ಹಿಡಿದಿಟ್ಟ ಆ ದೂಳು, ಹೊಗೆ, ಕತ್ತಲ ವೈಭವಕ್ಕೆ ಯಾರೂ ಕೊಂಕು ನುಡಿಯಲಾರರು.

ಆದರೆ ಕತೆ?

2018ರ ಮೊದಲ ಭಾಗದಲ್ಲಿ ನಾಯಕ ರಾಕಿ ಗುಲಾಮರ ನಡುವೆ ಗುಲಾಮನಾಗಿ ನರಾಚಿಯ ಚಿನ್ನದ ಗಣಿ ಹೊಕ್ಕಿದ್ದ. ಅಲ್ಲಿ ಕುರುಡ ಮುದುಕನೊಬ್ಬನ ಪ್ರಾಣಭಯ ನೋಡುಗನ ಎದೆಗೂ ಇಳಿಯುತ್ತಿತ್ತು. ಎರಡನೆಯದರಲ್ಲಿ ಆ ಜನ ಜೈಕಾರ ಹಾಕುವ ಗುಂಪಷ್ಟೇ. ‘ದೊಡ್ಡಮ್ಮ’ನೆಂಬ ಬಂದೂಕು ಪೊಲೀಸ್ ಠಾಣೆಯನ್ನು ಪುಡಿಗಟ್ಟುತ್ತದೆ, ಕಾದು ಕೆಂಪಾದ ಅದರ ನಳಿಗೆಯಿಂದ ರಾಕಿ ಸಿಗರೇಟು ಹಚ್ಚುತ್ತಾನೆ. ಸಿಳ್ಳೆ ಖಚಿತ. ಆದರೆ ಆ ಠಾಣೆ ಉರುಳಿದ್ದರಿಂದ ಅವನೊಳಗೆ ಏನೂ ಕದಲುವುದಿಲ್ಲ. ಹೆಂಡತಿ ರೀನಾಳ ಸಾವು ಕೂಡ ಮುಂದಿನ ಹೊಡೆದಾಟಕ್ಕೊಂದು ನೆಪ. ಮೊದಲ ಭಾಗದ ನಿರೂಪಕ ಅನಂತನಾಗ್ ಬದಲು ಇಲ್ಲಿ ಪ್ರಕಾಶ್ ರಾಜ್ ಕತೆ ಹೇಳುತ್ತಾರೆ. ಪಾತ್ರಗಳು ಆಡಬೇಕಾದುದನ್ನೂ ಅವರೇ ಆಡಿಬಿಡುತ್ತಾರೆ.

ದೊಡ್ಡ ಪರದೆಯ ಅಬ್ಬರದಲ್ಲಿ ಕತೆಯ ಈ ಬರ ಮುಚ್ಚಿಹೋಗುತ್ತದೆ. ಅಜ್ಜಂಪುರ ತಾಲ್ಲೂಕಿನ ಶಿವನಿಯಂಥ ಊರಲ್ಲಿ ಕೂತು ಅಂಗೈಯಗಲದ ಮೊಬೈಲಿನಲ್ಲಿ ನೋಡುವವರಿಗೆ ಮುಚ್ಚುವುದಿಲ್ಲ. ಅಲ್ಲಿ ಅಬ್ಬರ ಕುಗ್ಗುತ್ತದೆ, ಉಳಿಯಬೇಕಾದದ್ದು ಕತೆ.

ಮುಂದುವರಿದ ಭಾಗಗಳಿಗೆ ಹಣ ಹೂಡುವವರು ಸೆಟ್ ಹಾಕುವ ಮೊದಲು ಚಿತ್ರಕತೆಗೆ ಇನ್ನಾರು ತಿಂಗಳು ಹೆಚ್ಚಿಗೆ ಕೊಡಲಿ.